ಭೀಮಣ್ಣ ಮಾಸ್ತರರೂ ಖಂಡೆಪೂಜೆಯ ಎಣ್ಣೆಯೂ

ಪುಣೆಯಲ್ಲಿ ಹಳೆಯ ಮೋಟಾರುಗಳನ್ನು ಮಕ್ಕಳಂತೆ ಸಾಕುವವರಿಗೆ ಶ್ರೀ ಭೀಮಣ್ಣ ಹೂಗಾರ ಮಾಸ್ತರರ ಹೆಸರು ಹೊಸದಲ್ಲ. ಇಂಡಿ ತಾಲೂಕಿನಿಂದ ಬಂದು, ನಿಗಡಿಯ ನಮ್ಮ ಮೋಟಾರು ದುರಸ್ತಿ ತರಬೇತಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ, ಈ ತಿಂಗಳು ನಿವೃತ್ತರಾಗುತ್ತಿರುವ ಅವರು, ತುಕ್ಕು ಹಿಡಿದು ಕಲ್ಲಾದ ಬ್ರೇಕುಗಳನ್ನು ಕಡಿಮೆ ಖರ್ಚಿನಲ್ಲಿ ಬಿಡಿಸುವುದರಲ್ಲಿ ಎತ್ತಿದ ಕೈ.

ಅವರ ಸಾಮಗ್ರಿ ನೋಡಿದರೆ ಹೊಸಬರಿಗೆ ನಗು ಬರುತ್ತದೆ: ಮೇಣದ ಬತ್ತಿ, ಮರದ ಸುತ್ತಿಗೆ, ಗ್ರೀಸ್ ತುಂಬುವ ಕೈಪಂಪು. ಕದಲದ ಸ್ಕ್ರೂವನ್ನು ಕಾಯಿಸಿ, ಮೇಣ ಮುಟ್ಟಿಸಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸುವರು. ಸಿಲಿಂಡರಿನೊಳಗೆ ಕಚ್ಚಿಕೊಂಡ ಪಿಸ್ಟನ್ನನ್ನು ಗಾಳಿ ಹೊಡೆದು ಹಾರಿಸದೆ, ಗ್ರೀಸ್ ತುಂಬಿ ಮೆಲ್ಲಗೆ ಹೊರದಬ್ಬುವರು. ಬಳಿಕ ಜಿಡ್ಡು ಉಳಿಯದಂತೆ ಸ್ಪಿರಿಟಿನಲ್ಲಿ ತೊಳೆದು, ಬ್ರೇಕಿನ ದ್ರವ ಸೋರದಂತೆ ತಡೆಯುವ ಹೊಸ ರಬ್ಬರು ಹಾಕುವರು. “ಅವಸರ ಮಾಡಿದ್ರ ಮುರೀತದ, ತಡಕೊಂಡ್ರ ಬರ್ತದ” ಎಂಬುದೇ ಅವರ ಪಾಠದ ಸಾರ.

ಆರು ವರ್ಷಗಳ ಹಿಂದಿನ ದಸರೆಯ ಮಾತು. ಕೊಂಢವಾದ ನರ್ಮದಾಬಾಯಿಯವರು ತಂದೆಯ ಕಾಲದ ಫಿಯೆಟ್ಟನ್ನು ನಮ್ಮಲ್ಲಿ ಬಿಟ್ಟಿದ್ದರು; ದಶಮಿಯ ಮರುದಿನ ಅದರಲ್ಲೇ ಕಾತ್ರಜ ಘಾಟು ದಾಟಿ ಸಾತಾರೆಗೆ ಹೊರಡುವವರಿದ್ದರು. ಮಾಸ್ತರರು ನಾಲ್ಕೂ ಚಕ್ರಗಳ ಬ್ರೇಕು ಬಿಡಿಸಿ, ಹೊಸ ರಬ್ಬರುಗಳನ್ನು ಮೇಜಿನ ಮೇಲಿಟ್ಟು ಮನೆಗೆ ಹೋದರು. ನವಮಿಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ಹೊಣೆ, ಆಗಷ್ಟೇ ಸೇರಿ ನೌಕರಿ ಇನ್ನೂ ಖಾಯಂ ಆಗದಿದ್ದ ಸುಹಾಸ ಎಂಬ ಶಿಕ್ಷಕನದು. ಪೂಜೆಗೆ ಮುನ್ನ ಹತಾರಗಳಿಗೆ ಎಣ್ಣೆ ಸವರುವುದು ನಮ್ಮವರ ರೂಢಿ. ಭಕ್ತಿ ಉಕ್ಕಿದ ಸುಹಾಸ ಆ ರಬ್ಬರುಗಳಿಗೂ ಯಂತ್ರದ ಎಣ್ಣೆ ಸವರಿ, ಕುಂಕುಮವಿಟ್ಟು, ಪೂಜೆ ಮುಗಿದ ಮೇಲೆ ಚೊಕ್ಕಟವಾಗಿ ಒರೆಸಿಟ್ಟ. ದಶಮಿಯ ಬೆಳಿಗ್ಗೆ ಮಾಸ್ತರರು ಏನೂ ಅರಿಯದೆ ಅವನ್ನೇ ಜೋಡಿಸಿದರು.

ಮಧ್ಯಾಹ್ನ ಮೇಜು ಸ್ವಚ್ಛ ಮಾಡುವಾಗ ರಬ್ಬರಿನ ಖಾಲಿ ಪೊಟ್ಟಣ ಸುಹಾಸನ ಕೈಗೆ ಬಂತು. ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಬ್ರೇಕು ಕೆಡುತ್ತದೆಂದು ಅದರ ಮೇಲೆ ಅಚ್ಚಾಗಿತ್ತು. ಹೇಳಿದರೆ ನೌಕರಿ ಹೋದೀತು. ಹೇಳದಿದ್ದರೆ ಘಾಟಿನ ಇಳಿಜಾರಿನಲ್ಲಿ ಆ ತಾಯಿಯ ಗತಿ? ಅಷ್ಟರಲ್ಲಿ ನರ್ಮದಾಬಾಯಿಯವರು ಬನ್ನಿ ಎಲೆ ಹಿಡಿದು ಗಾಡಿ ಒಯ್ಯಲು ಬಂದೇಬಿಟ್ಟರು. ಸುಹಾಸ ಮಾಸ್ತರರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದ.

“ಛಲೋ ಆತು, ಹೇಳಿದ್ರಿ” ಎಂದಷ್ಟೇ ನುಡಿದು ಅವರು ಗಾಡಿಯ ಕೀಲಿ ಜೇಬಿಗಿಳಿಸಿದರು. “ಬಾಯಾರ, ಗಾಡಿ ಇವತ್ತ ಕೊಡಂಗಿಲ್ರಿ. ನಾಡಿದ್ದ ಬರ್ರಿ.”

“ಮಾತು ಕೊಟ್ಟು ಹಿಂಗ ಮಾಡ್ತೀರೇನ್ರಿ?” ಎಂದು ನರ್ಮದಾಬಾಯಿಯವರು ಸಿಟ್ಟಾದರು. ಗದ್ದಲ ಕೇಳಿ ಬಂದ ಪ್ರಾಚಾರ್ಯರಿಗೆ ಮಾಸ್ತರರು, “ತಪ್ಪ ನಂದರಿ ಸಾಹೇಬ್ರ. ರಬ್ಬರ್ ಸರಿಯಾಗಿ ನೋಡಿ ಹಾಕ್ಲಿಲ್ಲ” ಎಂದರು. ಇಪ್ಪತ್ತೈದು ವರ್ಷಗಳ ಸೇವೆಯ ಕಡತದಲ್ಲಿ ನಿಷ್ಕಾಳಜಿ ಎಂಬ ಮೊದಲ ಷರಾ ಬಿತ್ತು. ಸುಹಾಸ ಪಕ್ಕದಲ್ಲೇ ನಿಂತಿದ್ದ, ಬಾಯಿ ತೆರೆಯಲಿಲ್ಲ.

ಮರುದಿನ ಇಬ್ಬರೂ ಕೂತು ಎಲ್ಲವನ್ನೂ ಬಿಚ್ಚಿ, ತೊಳೆದು, ಬೇರೆ ರಬ್ಬರು ಹಾಕಿದರು. ನರ್ಮದಾಬಾಯಿಯವರು ಸುಖವಾಗಿ ಹೋಗಿಬಂದು ಸಾತಾರೆಯ ಪೇಢೆ ಕೊಟ್ಟರು. ಸುಹಾಸನ ನೌಕರಿಯೂ ಖಾಯಂ ಆಯಿತು. ಮಾಸ್ತರರು ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ.

ಅವರು ನೂರ್ಕಾಲ ಬಾಳಲಿ. ವಾರಕ್ಕೊಮ್ಮೆಯಾದರೂ ಕೇಂದ್ರಕ್ಕೆ ಬಂದು ಹೊಸಬರ ಅವಸರಕ್ಕೆ ಕಡಿವಾಣ ಹಾಕುತ್ತಿರಲಿ. ಶಾಲು, ಹಾರಗಳನ್ನು ಉಳಿದವರು ಹಾಕುತ್ತಾರೆ. ನಾನು ತಂದಿರುವುದು ಆ ಷರಾಕ್ಕೆ ಒಂದು ತಿದ್ದುಪಡಿ, ಪ್ರಾಚಾರ್ಯರು ದಯವಿಟ್ಟು ಕಡತಕ್ಕೆ ಸೇರಿಸಬೇಕು: ಎಣ್ಣೆ ಸವರಿದವನು, ಈ ಲೇಖನ ಬರೆದ ಸುಹಾಸ.