ಜಂಗಮಕೋಟೆಯ ಎರಡು ಚಂದ್ರಿಕೆ ಚಿತ್ರಗಳು

ಬೆಳಕು ಚಂಚಲ. ಅದನ್ನು ನಂಬಿ ಕುಂಚ ಹಿಡಿದವರು ಜಗತ್ತಿನ ಕಲೆಯ ದಿಕ್ಕನ್ನೇ ತಿರುಗಿಸಿದರು. ಗೌರಿಬಿದನೂರಿನ ಏಳು ಗಂಟೆ ಬಸ್ಸು ಬೆಳಕಿಗಿಂತ ಚಂಚಲ. ಎಂಟೂಕಾಲಿಗೆ ಬಂತು, ಮಂಚೇನಹಳ್ಳಿಯಲ್ಲಿ ವಿನಾಕಾರಣ ಕಾಲು ಗಂಟೆ ನಿಂತಿತು.

ಶಾಲೆಯ ಮೇಷ್ಟ್ರ ಕೆಲಸಕ್ಕೆ ಒಂದು ದಿನ ರಜೆ ಹಾಕಿ ನಾನು ಹೊರಟದ್ದು ತನಿಖೆಗೆ. ಜಂಗಮಕೋಟೆಯ ಡ್ರಾಯಿಂಗ್ ಮೇಷ್ಟ್ರು ಕೃಷ್ಣಪ್ಪ ತೀರಿಕೊಂಡ ಮೇಲೆ, ಅವರ ಹೆಂಡತಿ ಲಕ್ಷ್ಮೀದೇವಮ್ಮ ನಮ್ಮೂರ ಚಿತ್ರಕಲಾ ಪ್ರದರ್ಶನಕ್ಕೆಂದು ಎರಡು ಚಿತ್ರಗಳನ್ನು ಕಳಿಸಿದ್ದರು. ಎರಡೂ ಗಂಡನವೇ ಎಂದಿದ್ದರು. ಎರಡರಲ್ಲೂ ಒಂದೇ ಅಂಗಳ, ಗೋಡೆಗೆ ಒರಗಿಸಿದ ಚಂದ್ರಿಕೆಗಳು, ಅಂದರೆ ರೇಷ್ಮೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗಳು. ಮೊದಲನೆಯದು ಅಪ್ಪಟ ಇಂಪ್ರೆಷನಿಸ್ಟ್ ಕೆಲಸ: ಗೆರೆಯೇ ಇಲ್ಲ, ಬರೀ ಬಣ್ಣದ ಚುಕ್ಕೆ, ಆ ಗಳಿಗೆಯ ಬಿಸಿಲು. ಎರಡನೆಯದು ಇಂಪ್ರೆಷನಿಸ್ಟರ ನಂತರ ಬಂದ ಪೋಸ್ಟ್-ಇಂಪ್ರೆಷನಿಸ್ಟರ ದಾರಿ: ದಪ್ಪ ಕಪ್ಪು ಅಂಚು, ನೇರಳೆ ಗೋಡೆ, ಸುಳಿ ತಿರುಗುವ ಚಂದ್ರಿಕೆ. ಕಣ್ಣಿಗೆ ಕಂಡದ್ದಲ್ಲ, ಮನಸ್ಸಿನಲ್ಲಿ ಉಳಿದದ್ದು. ಕೃಷ್ಣಪ್ಪನವರೋ ಜನ್ಮದಲ್ಲಿ ಕಪ್ಪು ಬಣ್ಣದ ಟ್ಯೂಬು ಬಿಚ್ಚಿದವರಲ್ಲ. ಒಂದು ನಕಲಿ ಎಂದಾದರೆ ಎರಡನ್ನೂ ವಾಪಸ್ಸು ಕಳಿಸುವುದೆಂದು ಪ್ರದರ್ಶನದ ಸಮಿತಿ ತೀರ್ಮಾನಿಸಿತ್ತು.

ಚಿಕ್ಕಬಳ್ಳಾಪುರದಲ್ಲಿ ಇಳಿದು ಇಡ್ಲಿ ತಿಂದೆ. ಚಟ್ನಿಯ ಮೇಲೂ ಅನುಮಾನವಿತ್ತು. ಶಿಡ್ಲಘಟ್ಟ ತಲುಪುವ ಹೊತ್ತಿಗೆ ಅದು ಸಾಬೀತಾಯಿತು. ಅಲ್ಲಿ ಬಸ್ಸು ಬದಲಿಸಿ ಜಂಗಮಕೋಟೆ ಸೇರಿದಾಗ ಬಿಸಿಲು ನೆತ್ತಿಗೇರಿತ್ತು.

ಲಕ್ಷ್ಮೀದೇವಮ್ಮ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. "ಬನ್ನಿ ಮೇಷ್ಟ್ರೇ. ಮೊದ್ಲು ಕಾಫೀನೋ, ವಿಚಾರಣೇನೋ?"

ಕಾಫಿಯಾದ ಮೇಲೆ ಕೇಳಿದೆ: "ಎರಡನೇದು ಯಾರು ಬರೆದಿದ್ದು ಲಕ್ಷ್ಮೀದೇವಮ್ಮನೋರೇ?"

"ಅವ್ರೇ."

"ಬಿಸಿಲೇ ಇಲ್ವಲ್ಲ. ಅದನ್ನ ಬರೆದವರು ಈ ಅಂಗಳ ನೋಡೇ ಇಲ್ಲ. ಯಾವುದೋ ಪುಸ್ತಕ ನೋಡಿ ಇಳಿಸಿರೋ ಕೆಲಸ."

ಕತ್ತಿ ನಿಂತಿತು. "ಅಂಗಳ ನೋಡಿಲ್ವಾ? ಗೂಡು ಕಟ್ಟೋಕೆ ಹಣ್ಣಾದ ಹುಳ ಬಿಟ್ಟಿರೋ ಚಂದ್ರಿಕೇನ ಯಾರಾದ್ರೂ ಬೆಂಕಿಯಂಥ ಬಿಸಿಲಿಗೆ ಇಕ್ತಾರಾ ಸ್ವಾಮಿ? ಅವ್ರಿಗೆ ಬೆಳಕು ಬೇಕಾಗಿತ್ತು, ನಾನಿಲ್ದಾಗ ನೆರಳಿಂದ ಎತ್ತಿ ಇಟ್ಬಿಟ್ರು. ಆ ಮೊದಲ್ನೇ ಚಿತ್ರಕ್ಕೆ ನನ್ ಒಂದು ಬೆಳೆ ಹುಳಾನೇ ಸತ್ತೋಯ್ತು! ಅದಕ್ಕೇ ನಾನು ನೆರಳಲ್ಲಿಟ್ಟು..."

ಬಾಯಿ ತಪ್ಪಿತ್ತು. ಮತ್ತೆ ಸೊಪ್ಪು ಕತ್ತರಿಸತೊಡಗಿದರು.

"ಕಪ್ಪು ಅಂಚು ಯಾಕೆ ಹಾಕಿದ್ರಿ?" ಎಂದೆ.

"ಅವ್ರ ಥರ ಚುಕ್ಕೆ ಇಕ್ಕಿದ್ರೆ ಹುಳ ಯಾವ್ದು, ಬಿಸಿಲು ಯಾವ್ದು? ನಂಗೆ ಒಂದೊಂದು ಹುಳಾನೂ ಕಾಣ್ಬೇಕಿತ್ತು. ಒಳಗೆ ಕೂತು ನೆನಪಲ್ಲಿದ್ದಂಗೆ ಮೊದ್ಲು ಇದ್ಲಲ್ಲಿ ಅಂಚು ಬರ್ದೆ. ಅವ್ರು ನೋಡಿ ನಕ್ರು. ಮಾರ್ನೇ ದಿನ ಅವ್ರೇ ಹೋಗಿ ಕಪ್ಪು ಬಣ್ಣ ತಂದ್ಕೊಟ್ರು."

"ಮತ್ತೆ ಅವರ ಹೆಸರು ಯಾಕೆ ಹೇಳಿದ್ರಿ?"

"ನನ್ ಹೆಸ್ರು ಹೇಳಿದ್ರೆ ನೀವು ಇಲ್ಲೀಗಂಟ ಬಸ್ ಹತ್ತಿ ಬರ್ತಿದ್ರಾ?"

ಬರುತ್ತಿರಲಿಲ್ಲ. ತನಿಖಾಧಿಕಾರಿಗೆ ಸುಳ್ಳು ಹೇಳುವ ಅವಕಾಶವಿಲ್ಲದ್ದರಿಂದ ಖಾಲಿ ಕಾಫಿ ಲೋಟವನ್ನೇ ಮತ್ತೊಮ್ಮೆ ಬಾಯಿಗಿಟ್ಟೆ.

"ನಂದು ಬೇಕಾದ್ರೆ ಬಿಡಿ ಮೇಷ್ಟ್ರೇ. ಅವ್ರದ್ದು ಮಾತ್ರ ವಾಪಸ್ ಕಳಿಸ್ಬೇಡಿ" ಎಂದರು.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮೊಣಕಾಲ ಮೇಲೆ ಕಾಗದವಿಟ್ಟು ವರದಿ ಬರೆದೆ: "ಎರಡೂ ಅಸಲಿ. ಬರೆದವರು ಇಬ್ಬರು." ಸಮಿತಿಯಲ್ಲಿ ಅರ್ಧ ದಿನ ಜಗಳವಾಯಿತು. ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಲಾಯಿತು. ಎರಡನೆಯದರ ಕೆಳಗೆ ಲಕ್ಷ್ಮೀದೇವಮ್ಮ, ಜಂಗಮಕೋಟೆ ಎಂದು ಬರೆಯಲಾಯಿತು.