ಕುಸ್ಕೋ ನಗರದ ದಿನವಹಿ ವೆಚ್ಚದ ಅಂದಾಜು ಕುರಿತು

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಕಚೇರಿಯ ಪತ್ರಗಳ ಹೊರತು ನಾನು ಈವರೆಗೆ ಏನನ್ನೂ ಬರೆದವನಲ್ಲ. ಲೋಪಗಳಿದ್ದಲ್ಲಿ ಮನ್ನಿಸತಕ್ಕದ್ದು. ಮಧುಗಿರಿಯ ಕಚೇರಿಯೊಂದರಲ್ಲಿ ಇತರರ ಪ್ರಯಾಣ ಭತ್ಯೆಯ ಬಿಲ್ಲುಗಳನ್ನು ತಯಾರಿಸುವುದು ನನ್ನ ಕೆಲಸ. ನನ್ನ ಸ್ವಂತ ಪ್ರಯಾಣಗಳು ಶಿರಾ, ಕೊರಟಗೆರೆ, ಪಾವಗಡಗಳನ್ನು ದಾಟಿದ್ದು ಅಪರೂಪ.

ನನ್ನ ಪತ್ನಿ ಬರಗೂರಿನವಳು. ತವರಿನಿಂದ ಕಂಬಳಿ ನೇಯುವ ಕಸುಬನ್ನು ತಂದವಳು. ಕಳೆದ ವರ್ಷ ಪೆರು ದೇಶದ ಕುಸ್ಕೋ ನಗರದಲ್ಲಿ ನಡೆಯಲಿದ್ದ ಉಣ್ಣೆ ನೇಕಾರರ ಸಮಾವೇಶಕ್ಕೆ ಆಕೆಗೆ ಆಹ್ವಾನ ಬಂದಿತು. ಜೊತೆಗೆ ಒಬ್ಬರು ಬರಬಹುದಿತ್ತು. ಆದರೆ ಇಬ್ಬರ ದಿನದ ಖರ್ಚಿನ ಅಂದಾಜನ್ನು ಮುಂಚಿತವಾಗಿ ಕಳುಹಿಸಬೇಕು, ಅದು ಸಂಘಟಕರ ಮಿತಿಯೊಳಗಿರಬೇಕು ಎಂಬ ಷರತ್ತಿತ್ತು. ಮಿತಿ ಎಷ್ಟೆಂದು ಮಾತ್ರ ತಿಳಿಸಿರಲಿಲ್ಲ. ಜೊತೆಗಾರನ ಸ್ಥಾನಕ್ಕೆ ನಾನೇ ಏಕೈಕ ಅಭ್ಯರ್ಥಿ. ವಿಮಾನವನ್ನು ಒಳಗಿನಿಂದ ನೋಡುವ ಆಸೆ ಎಷ್ಟಿತ್ತೆಂದರೆ, ಪಾಸ್‌ಪೋರ್ಟಿನ ಫೋಟೊಗಾಗಿ ಮೀಸೆಗೆ ಬಣ್ಣ ಹಚ್ಚಿಕೊಂಡಿದ್ದೆ.

ಅಂದಾಜು ಪಟ್ಟಿ ನನಗೆ ಕರತಲಾಮಲಕವೆಂದು ಭಾವಿಸಿ ಆ ಊರಿನ ದರಗಳನ್ನು ಮೊಬೈಲಿನಲ್ಲಿ ನೋಡಿ ಗಟ್ಟಿಯಾಗಿ ಓದಿದೆ. ಸಂತೆಯಂಥ ಮಾರುಕಟ್ಟೆಯಲ್ಲಿ ಬಿಸಿ ಸಾರು, ಅನ್ನ ಅಗ್ಗವಾಗಿ ಸಿಗುತ್ತಿತ್ತು. ಬಸ್ಸಿನ ದರವೂ ಅಲ್ಪ. ಆದರೂ ಬಸ್ಸಿದ್ದಲ್ಲಿ ಟ್ಯಾಕ್ಸಿ ಬರೆದೆ. ಉಪಾಹಾರವನ್ನು ಇಮ್ಮಡಿಸಿದೆ. ಊರು ಬಹು ಎತ್ತರದಲ್ಲಿರುವುದರಿಂದ ‘ಏದುಸಿರಿನ ನಿಮಿತ್ತ ವಿಶ್ರಾಂತಿ ವೆಚ್ಚ’ ಎಂದು ಸೇರಿಸಿದೆ. ಕೊನೆಯಲ್ಲಿ ‘ಇತರೆ’, ಅದರ ಕೆಳಗೆ ‘ಅನಿರೀಕ್ಷಿತ ಇತರೆ’.

ಪತ್ನಿ ಮಗ್ಗದಿಂದಲೇ ಕೇಳಿದಳು: “ಸಾರು ಅನ್ನ ಅಗ್ಗ ಅಂತ ಈಗ ನೀವೇ ಓದುದ್ರಲ್ಲ, ಮತ್ಯಾಕ್ರೀ ಅಷ್ಟೊಂದು ಬರೀತೀರಾ?”

“ಮಂಜೂರು ಮಾಡೋರು ಅರ್ಧ ಹೊಡೆದಾಕ್ತಾರೆ ಕಣೇ. ಅದ್ಕೇ ಎರಡರಷ್ಟು ಬರೀಬೇಕು.”

“ನಿಮ್ಮಾಫೀಸಿನ ಬುದ್ದಿ ಆ ಊರೋರ್ಗೆ ಹೆಂಗೆ ಗೊತ್ತಾಗ್ತದೆ?”

“ಪ್ರಪಂಚದಲ್ಲಿ ಆಫೀಸೆಲ್ಲಾ ಒಂದೇ, ಸುಮ್ನೆ ನೇಯಿ.”

“ನಾನು ನೇಯ್ತೀನಿ ಬುಡ್ರಿ. ರಾಗಿ ಹುರಿಟ್ಟು ಕಟ್ಕೊಂಡೋದ್ರೆ ನಿಮ್ ಪಟ್ಟೀನೇ ಬೇಕಾಗಿಲ್ಲ.”

ಪಟ್ಟಿ ಹೋದ ಕೆಲವು ದಿನಗಳಲ್ಲಿ ಸಂಘಟಕರ ಪ್ರತಿನಿಧಿಯಾದ ಯುವತಿಯೊಬ್ಬಳು ಬೆಂಗಳೂರಿನಿಂದ ಕರೆ ಮಾಡಿದಳು.

“ಸರ್, ನಿಮ್ಮ ಪಟ್ಟಿ ನೋಡಿ ಅಲ್ಲಿಯವರಿಗೆ ಖುಷಿಯಾಯ್ತು. ಇಷ್ಟು ವಿವರವಾಗಿ ಯಾರೂ ಕಳಿಸಿರಲಿಲ್ವಂತೆ. ಒಂದು ಸಾಲೂ ಕಡಿಮೆ ಮಾಡಿಲ್ಲ.”

ನನ್ನ ಸೇವಾವಧಿಯಲ್ಲಿ ಕೇಳರಿಯದ ಮಾತು. ಗೌರವಾರ್ಥ ಎದ್ದು ನಿಂತೆ.

“ಆದ್ರೆ ಅಷ್ಟೆಲ್ಲಾ ಖರ್ಚಾಗತ್ತೆ ಅಂದ್ರೆ ಅವರ ಮಿತಿ ಇಬ್ಬರಿಗೆ ಸಾಲಲ್ಲ ಸರ್. ಮೇಡಂ ಒಬ್ಬರಿಗೇ ಮಂಜೂರಾಗಿದೆ. ಟಿಕೆಟ್ ಕೂಡ ಆಗೋಯ್ತು.”

“ಇಲ್ಲಮ್ಮಾ, ಅರ್ಧ ಕಡಿತಕ್ಕೆ ಅಂತಲೇ ಬರೆದಿದ್ದು!”

“ಕಡಿತಕ್ಕೆ ಅಂದ್ರೆ?”

ಎದ್ದು ನಿಂತಿದ್ದವನು ಕುಳಿತೆ. ಅವರು ನಾನು ಬರೆದದ್ದನ್ನು ನಂಬಿದ್ದರು. ಅಂಥದ್ದೊಂದು ಸಾಧ್ಯತೆಯನ್ನು ನಾನು ಪರಿಗಣಿಸಿಯೇ ಇರಲಿಲ್ಲ. ಅರ್ಧ ಕಡಿತವಾಗುವುದೆಂಬ ನನ್ನ ಅಂದಾಜು ಮಾತ್ರ ನಿಜವಾಗಿತ್ತು. ಕಡಿತಗೊಂಡ ಅರ್ಧ ನಾನಾಗಿದ್ದೆ.

ಪತ್ನಿ ನಗಲಿಲ್ಲವೆಂದು ದಾಖಲಿಸಲು ಆಗದು. ನಕ್ಕು, ಕಣ್ಣೊರೆಸಿಕೊಂಡು, “ನಿಮ್ ಮೀಸೆಗಾದ್ರೂ ಟಿಕೆಟ್ ಕೊಡ್ಬೇಕಿತ್ತು ಕಣ್ರೀ” ಎಂದಳು. ವಿಮಾನ ನಿಲ್ದಾಣದ ಗಾಜಿನ ಬಾಗಿಲಿನವರೆಗೆ ಆಕೆಯ ಚೀಲ ಹೊತ್ತೆ. ಅಲ್ಲಿಂದಾಚೆಗೆ ನನಗೆ ಮಂಜೂರಾತಿ ಇರಲಿಲ್ಲ.

ಕುಸ್ಕೋದಲ್ಲಿ ಊಟವನ್ನು ಅಲ್ಲಿನ ನೇಕಾರ ಹೆಂಗಸರೇ ತಮ್ಮ ಮನೆಗಳಲ್ಲಿ ಹಾಕಿದರಂತೆ. ಓಡಾಟ ನಡಿಗೆಯಲ್ಲೇ ಮುಗಿಯಿತಂತೆ. ಉಳಿದ ಹಣವನ್ನು ಆಕೆ ಹಿಂತಿರುಗಿಸಿದಳು, ಒಂದು ಬಾಬ್ತನ್ನುಳಿದು. ಬಂದವಳು ಚೀಲದಿಂದ ಕಿವಿ ಮುಚ್ಚುವ, ದಪ್ಪ ಉಣ್ಣೆಯ, ಕುಚ್ಚು ಇಳಿಬಿಟ್ಟ ಟೋಪಿಯೊಂದನ್ನು ತೆಗೆದು ನನ್ನ ತಲೆಗೆ ಹಾಕಿದಳು.

“ನಿಮ್ ‘ಅನಿರೀಕ್ಷಿತ ಇತರೆ’ ದುಡ್ಡಲ್ಲಿ ತಂದಿದ್ದು. ದುಡ್ಡು ಕೊಟ್ಟೋರ್ನ ಕೇಳೇ ತಂದೆ. ಅದೊಂದು ಸರಿಯಾಗಿ ಬರ್ದಿದ್ರಿ ಬುಡಿ.”

ಸದರಿ ಟೋಪಿಯನ್ನು ಧರಿಸಿಯೇ ಇದನ್ನು ಬರೆಯುತ್ತಿದ್ದೇನೆ. ಮಧುಗಿರಿಯಲ್ಲಿ ಸೆಕೆ ವಿಪರೀತವಾಗಿದೆ.