ತಾಮ್ರಕ್ಕೆ ಜಗ್ಗದ ಚುಕ್ಕೆ

ಹೋದ ವಾರ ಹಾನಗಲ್ಲಿನ ಪೇಟೆಯಲ್ಲಿ ಗೊಬ್ಬರದಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಮೈಲುತುತ್ತದ ಚೀಲವೊಂದು ಹರಿದು, ನೀಲಿ ಹರಳು ನೆಲದ ಮೇಲೆಲ್ಲ ಚೆಲ್ಲಿತ್ತು. ಪಕ್ಕದಲ್ಲೇ ತೊಯ್ದ ಸುಣ್ಣದ ಚೀಲ. ಆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ಸವಣೂರಿನ ನಮ್ಮ ವೀಳ್ಯದೆಲೆ ತೋಟ ಕಣ್ಣ ಮುಂದೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ ನಮ್ಮ ಮೇಡಂ ಕೂಡ...

ಶಿಗ್ಗಾಂವಿಯ ಕಾಲೇಜಿನಲ್ಲಿ ಅವರು ನಮಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದರು. ಗಿಡ್ಡ ಆಳು, ಮೆಲ್ಲನೆಯ ದನಿ. ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲವಾದ್ದರಿಂದ ನಾವೇ ಮುಂದೆ ಹೋಗಿ ಒತ್ತಿಕೊಂಡು ಕೂರುತ್ತಿದ್ದೆವು.

ನಾನು ಎರಡನೇ ವರ್ಷದಲ್ಲಿದ್ದಾಗ ಮಳೆಗಾಲದಲ್ಲಿ ನಮ್ಮ ವೀಳ್ಯದೆಲೆಗೆ ಚುಕ್ಕೆರೋಗ ಬಂತು. ಮೊದಲು ನೀರು ಹೀರಿದಂಥ ಸಣ್ಣ ಚುಕ್ಕೆ, ಸುತ್ತ ಹಳದಿ ಉಂಗುರ, ಆಮೇಲೆ ಕಪ್ಪು. ಮೈಲುತುತ್ತವನ್ನು ಸುಣ್ಣದ ಜೊತೆ ಕಲಸಿ ಹೊಡೆಯುವುದು ಅಪ್ಪನಿಗೆ ಗೊತ್ತಿದ್ದ ಒಂದೇ ಮದ್ದು. ಅದರಲ್ಲಿರುವ ತಾಮ್ರ ರೋಗಾಣುಗಳನ್ನು ಕೊಲ್ಲುತ್ತದೆ. ಆ ವರ್ಷ ಎಷ್ಟು ಹೊಡೆದರೂ ಚುಕ್ಕೆ ಹೋಗಲಿಲ್ಲ. ನಾಲ್ಕು ಎಲೆಗಳನ್ನು ಪುಸ್ತಕದೊಳಗಿಟ್ಟು ಮೇಡಂಗೆ ಒಯ್ದು ತೋರಿಸಿದೆ. ಪ್ರಮಾಣ ಕಡಿಮೆಯಾಗಿರಬೇಕೆಂದು ಅವರು ಹೊಸ ಅಳತೆ ಬರೆದುಕೊಟ್ಟರು. ಅಪ್ಪ ಅದೇ ಪ್ರಕಾರ ಹೊಡೆದ. ಎಳೆಯ ಎಲೆಗಳು ಸುಟ್ಟುಹೋದವು. ಚುಕ್ಕೆ ಮಾತ್ರ ಹಾಗೇ ಇತ್ತು.

ವಿಷಯ ತಿಳಿದ ಭಾನುವಾರವೇ ಮೇಡಂ ಬಸ್ಸು ಹತ್ತಿ ನಮ್ಮ ತೋಟಕ್ಕೆ ಬಂದರು. ಸುಟ್ಟ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ತಪ್ಪು ನಂದರಿ. ತೋಟ ನೋಡದನ ಹೇಳಿದ್ನಿ," ಅಂದರು. ಕಾಲೇಜಿನವರೊಬ್ಬರು ಹೀಗೆ ಎಲ್ಲರೆದುರು ತಪ್ಪೊಪ್ಪಿಕೊಂಡದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪನೇ ನಾಚಿಕೊಂಡು, "ಬರ್ರಿ ಅಕ್ಕೋರ, ಚಾ ಕುಡೀರಿ," ಅಂದ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎಂದೇ ಕರೆಯುವುದು.

ಆಮೇಲೆ ಮೂರು ತಿಂಗಳು ಅವರು ಭಾನುವಾರ ತಪ್ಪಿಸಲಿಲ್ಲ. ನಮ್ಮ ತೋಟದ ರೋಗದೆಲೆ, ಎಂದೂ ಮದ್ದು ಕಾಣದ ಒಂದು ಹಿತ್ತಲಿನ ಬಳ್ಳಿಯ ರೋಗದೆಲೆ, ಎರಡರಿಂದಲೂ ಬ್ಯಾಕ್ಟೀರಿಯಾ ತೆಗೆದು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತಟ್ಟೆಗಳಲ್ಲಿ ಬೆಳೆಸಿದರು. ಒಂದೊಂದು ತಟ್ಟೆಗೂ ತಾಮ್ರ ಹೆಚ್ಚಿಸುತ್ತ ಹೋದರು. ಹಿತ್ತಲಿನವು ಎರಡನೇ ತಟ್ಟೆಯಲ್ಲೇ ಸತ್ತವು. ನಮ್ಮವು ಐದನೆಯದರಲ್ಲೂ, ತಟ್ಟೆ ನೀಲಿಗಟ್ಟಿದ್ದರೂ, ಹಾಯಾಗಿ ಬೆಳೆದಿದ್ದವು. ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಬೆರಗು ಇತ್ತು.

"ಇವಕ್ಕೂ ತಾಮ್ರ ಚೂರು ಬೇಕವ್ವಾ," ಎಂದು ನನಗೆ ಹೇಳಿದರು. "ಹೆಚ್ಚಾದ್ರ ಸಾಯ್ತಾವ. ಹೆಚ್ಚಾತು ಅಂತ ಗುರುತು ಹಿಡಿಯೋ ಪ್ರೋಟೀನ್ ಒಂದು ಒಳಗ ಐತಿ. ಅದು ಎಚ್ಚರಿಸಿದ ಕೂಡಲೇ ತಾಮ್ರ ಹೊರಗ ದಬ್ಬೋ ಪಂಪು ತಯಾರಾಗ್ತಾವ. ಕಡಿಮಿ ಆತಂದ್ರ ಪಂಪು ಮಾಡೋದೂ ನಿಲ್ಲಸ್ತಾವ. ನಮ್ಮ ಮೈಯೊಳಗಿನ ಬಿಳಿ ರಕ್ತಕಣನೂ ರೋಗಾಣು ಕೊಲ್ಲಾಕ ತಾಮ್ರಾನ ಬಳಸ್ತಾವ. ಅಲ್ಲೂ ಕೆಲವು ರೋಗಾಣು ಇದ ಉಪಾಯ ಮಾಡಿ ಉಳಕೋತಾವ."

ನಮ್ಮ ತೋಟದಲ್ಲಿ ವರ್ಷಗಟ್ಟಲೆ ಹೊಡೆದ ಮದ್ದಿಗೆ ದುರ್ಬಲ ಬ್ಯಾಕ್ಟೀರಿಯಾಗಳೆಲ್ಲ ಸತ್ತು, ಪಂಪು ಗಟ್ಟಿಯಾಗಿದ್ದವಷ್ಟೇ ಉಳಿದು ಬೆಳೆದಿದ್ದವು. ಹೊಡೆಯುವುದನ್ನು ನಿಲ್ಲಿಸಿ ಎಂದು ಮೇಡಂ ಅಪ್ಪನಿಗೆ ಹೇಳಿದ ದಿನ ಚೆನ್ನಾಗಿ ನೆನಪಿದೆ.

"ಹೊಡೀಲಿಲ್ಲಂದ್ರ ತೋಟ ಹೋಗ್ತೈತ್ರಿ ಅಕ್ಕೋರ."

"ಹೊಡದ್ರೂ ಹೊಂಟೈತಲ್ರಿ."

ನಮಗೆ ಇದ್ದದ್ದು ಅದೊಂದೇ ತೋಟ. ಒಮ್ಮೆ ತಪ್ಪಾಗಿದ್ದ ಮಾತನ್ನು ಮತ್ತೆ ನಂಬಬೇಕಿತ್ತು. ಮರುದಿನ ಬೆಳಿಗ್ಗೆ ಅಪ್ಪ ಸಿಂಪರಣೆಯ ಡಬ್ಬಿಯನ್ನು ತೊಳೆದು ಅಟ್ಟಕ್ಕೆ ಹಾಕಿದ. ಯಾಕೆ ನಂಬಿದೆ ಎಂದು ಆಮೇಲೊಮ್ಮೆ ಕೇಳಿದ್ದಕ್ಕೆ, "ತಪ್ಪಾತು ಅಂದ್ರಲ್ಲ, ಅದಕ್ಕ," ಅಂದಿದ್ದ.

ರೋಗದ ಎಲೆಗಳನ್ನೆಲ್ಲ ಕಿತ್ತು ದೂರ ಒಯ್ದು ಸುಟ್ಟೆವು. ಎಲೆಗೆ ಸಿಡಿಯದಂತೆ ಬುಡಕ್ಕಷ್ಟೇ ನೀರು ಬಿಟ್ಟೆವು. ಬಳ್ಳಿ ಒದ್ದೆಯಿದ್ದಾಗ ತೋಟದೊಳಗೆ ಕಾಲಿಡಲಿಲ್ಲ. ಎಲೆ ಕೊಯ್ಯಲು ಹೆಬ್ಬೆರಳಿಗೆ ತೊಡುವ ಉಕ್ಕಿನ ಉಗುರನ್ನು ಕುದಿನೀರಿಗೆ ಹಾಕಿ ತೆಗೆಯುತ್ತಿದ್ದೆವು. ಮೇಡಂ ನಮ್ಮೊಂದಿಗೇ ಬಾಗಿ ಬಾಗಿ ಎಲೆ ಕೀಳುತ್ತಿದ್ದರು. ಆ ವರ್ಷ ಅರ್ಧ ಬಳ್ಳಿ ಕಳೆದುಕೊಂಡೆವು. ಬೋಳು ಸಾಲುಗಳ ನಡುವೆ ಅವರು ಒಂದೊಂದೇ ಬುಡ ಮುಟ್ಟಿ ನೋಡುತ್ತ ನಡೆಯುತ್ತಿದ್ದರು... ಮುಂದಿನ ಮಳೆಗಾಲಕ್ಕೆ ಮುಂಚೆಯೇ ಅವರಿಗೆ ಹಿರೇಕೆರೂರಿಗೆ ವರ್ಗವಾಯಿತು.

ಆ ಮಳೆಗಾಲದಲ್ಲಿ ಚುಕ್ಕೆ ಅಲ್ಲಲ್ಲಿ ಕಂಡು ಅಲ್ಲೇ ನಿಂತಿತು. ಮೂರನೆಯ ವರ್ಷ ತೋಟ ಮೊದಲಿನಂತೆ ತುಂಬಿಕೊಂಡಿತು. ನಾನು ಓದು ಮುಗಿಸಿ, ಹಾನಗಲ್ಲಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಈ ಪಂಪಿನ ಪಾಠ ಬಂದಾಗಲೆಲ್ಲ ಅವರ ದನಿಯಲ್ಲೇ ಹೇಳುತ್ತೇನೆ.

ಗೊಬ್ಬರದಂಗಡಿಯ ಮುಂದಿನಿಂದ ಮನೆಗೆ ಬಂದವಳು ಹಳೆಯ ಸಹಪಾಠಿಗೆ ಫೋನ್ ಮಾಡಿ ಮೇಡಂ ನಂಬರು ಕೇಳಿದೆ. "ನಿನಗ ಗೊತ್ತಿಲ್ಲೇನು? ತೀರಿಕೊಂಡು ಎರಡು ವರ್ಷಾತು," ಅಂದಳು. ಮರುದಿನ ಸವಣೂರಿಗೆ ಹೋಗಿ ಅಪ್ಪನಿಗೆ ತಿಳಿಸಿದೆ. ಎಲೆ ಜೋಡಿಸುತ್ತಿದ್ದ ಅವನ ಕೈ ನಿಂತಿತು.

"ತೋಟ ಉಳದದ್ದು ಅಕ್ಕೋರಿಗೆ ಹೇಳಿದ್ದಿಲ್ಲ?"

ನಾನು ಹೇಳಿರಲಿಲ್ಲ. ಇಂದು ನಾಳೆ ಎನ್ನುತ್ತಲೇ ಹನ್ನೆರಡು ವರ್ಷ ಕಳೆದಿದ್ದವು. ಅಪ್ಪ ಬೈಯಲಿಲ್ಲ. ಒಂದು ಕಟ್ಟು ಎಲೆ ಹಸಿ ಬಟ್ಟೆಯಲ್ಲಿ ಸುತ್ತಿ, "ಅಕ್ಕೋರ ಮನೀಗೆ ಹೋಗಿ ಬಾ," ಅಂದ.

ಮೊನ್ನೆ ಭಾನುವಾರ ಹಿರೇಕೆರೂರಿಗೆ ಹೋದೆ. ಬಾಗಿಲು ತೆಗೆದವರು ಅವರ ತಂಗಿ. ಸವಣೂರಿನ ಎಲೆ ತೋಟದವಳು ಎಂದಾಗ ಅವರು ನನ್ನನ್ನೇ ನೋಡಿದರು.

"ಅಕ್ಕ ಆಗಾಗ ನೆನಸ್ತಿದ್ಲು ನೋಡ್ರಿ. ಮದ್ದು ನಿಲ್ಲಸ್ರಿ ಅಂದು ಒಬ್ಬರ ತೋಟ ಹಾಳ ಮಾಡಿದ್ನೇನೋ, ಕೇಳಾಕ ಧೈರ್ಯ ಆಗವಲ್ದು ಅಂತಿದ್ಲು..."

ನಾನು ಎಲೆಯ ಕಟ್ಟನ್ನು ಅವರ ಕೈಯಲ್ಲಿಟ್ಟೆ. ತೋಟ ಚೆನ್ನಾಗಿದೆ ಎಂದು ಹೇಳಲು ಹೋದೆ. ಬದಲಿಗೆ ಅವರ ಕೈಯಲ್ಲೇ ಹಸಿ ಬಟ್ಟೆ ಬಿಚ್ಚಿ, ಚುಕ್ಕೆಯಿಲ್ಲದ ಎಲೆಗಳನ್ನು ತೋರಿಸಿದೆ.